ದುಡ್ಡು ಕಟ್ಟಬೇಡಿ, ಪತ್ರ ಬರೆಯಿರಿ

ರಾತ್ರಿ 9ರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ಳುತ್ತಿದ್ದೆ. ನಮ್ಮ ಕ್ಯಾಮೆರಾಮನ್ ಒಬ್ಬರು ಬಾಗಿಲ ಹತ್ತಿರ ಬಂದು ನಿಂತರು. ವರ್ಷಗಟ್ಟಲೆ ನನ್ನ ಮುಖಕ್ಕೆ ಫೋಕಸ್ ಹಿಡಿದಿರುವ ಮನುಷ್ಯ. ರಜೆ ಬಿಟ್ಟು ಬೇರೇನನ್ನೂ ಕೇಳಿದವರಲ್ಲ. ಅವತ್ತು ಜೇಬಿನಿಂದ ಮಡಚಿದ ಒಂದು ಪಾಂಪ್ಲೆಟ್ ತೆಗೆದು ನನ್ನ ಮುಂದಿಟ್ಟರು.

'ಸಾರ್, ಮಗಳು ಬಿಎಸ್ಸಿ ಎರಡನೇ ವರ್ಷ. ಬಯೋಕೆಮಿಸ್ಟ್ರಿ. ಇಂಟರ್ನ್‌ಶಿಪ್ ಮಾಡಲೇಬೇಕಂತೆ. ಇವರು 15 ದಿನಕ್ಕೆ 18 ಸಾವಿರ ಕೇಳ್ತಿದಾರೆ. ಮನೆಯವಳು ಓಲೆ ಅಡ ಇಡೋಣ ಅಂತಾಳೆ. ಕಟ್ಟಬಹುದಾ ಸಾರ್?'

ಪಾಂಪ್ಲೆಟ್ ಓದಿದೆ. ಸರ್ಟಿಫಿಕೇಟ್ ಗ್ಯಾರಂಟಿ. ಪ್ರಾಜೆಕ್ಟ್ ರಿಪೋರ್ಟ್ ಅವರೇ ಬರೆದು ಕೊಡುತ್ತಾರಂತೆ. ಅಲ್ಲ ಸ್ವಾಮಿ, ರಿಪೋರ್ಟನ್ನೂ ಅವರೇ ಬರೆದುಕೊಟ್ಟರೆ ಹುಡುಗಿ ಮಾಡುವುದೇನು? ದುಡ್ಡು ಎಣಿಸಿ ಕೊಡುವುದಷ್ಟೇನಾ?

ಹಾಗಂತ ಆ ಕ್ಷಣಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಚಂದ್ರಯಾನದ ಬಗ್ಗೆ ಮೂರು ಗಂಟೆ ನಿಲ್ಲದೆ ಮಾತನಾಡಿದವನು ನಾನು. ಒಬ್ಬ ಬಿಎಸ್ಸಿ ಹುಡುಗಿ ಬೇಸಿಗೆಯಲ್ಲಿ ಎರಡು ತಿಂಗಳು ಒಂದು ಲ್ಯಾಬಿನೊಳಗೆ ಹೋಗಬೇಕಾದರೆ ಯಾವ ಬಾಗಿಲು ತಟ್ಟಬೇಕು ಎಂಬುದು ನನಗೆ ಗೊತ್ತಿರಲಿಲ್ಲ. 'ಎರಡು ದಿನ ಟೈಮ್ ಕೊಡಿ. ಓಲೆ ಮಾತ್ರ ಕಿವಿಯಲ್ಲೇ ಇರಲಿ' ಅಂದೆ. ಮಾರನೇ ದಿನ ಗೊತ್ತಿದ್ದವರಿಗೆಲ್ಲ ಫೋನ್ ಹಚ್ಚಿದೆ. ಆಗ ತಿಳಿದದ್ದನ್ನೂ, ಮುಂದಿನ ಹತ್ತು ತಿಂಗಳು ಆ ಹುಡುಗಿಯ ಹಿಂದೆ ನಿಂತು ನೋಡಿದ್ದನ್ನೂ ಇವತ್ತು ಹೇಳ್ತೀನಿ. ಚಾನೆಲ್‌ನಲ್ಲಿ ಇದಕ್ಕೊಂದು ಅರ್ಧ ಗಂಟೆ ಕೊಡಿ ಅಂದಾಗ 'ಟಿಆರ್‌ಪಿ ಬರಲ್ಲ ಸಾರ್' ಎಂಬ ಉತ್ತರ ಬಂತು. ಕೊನೆಗೆ ಸಿಕ್ಕಿದ್ದು ಎಂಟು ನಿಮಿಷ. ಆ ಎಂಟು ನಿಮಿಷದಲ್ಲಿ ಹೇಳಲಾಗದ್ದೆಲ್ಲ ಇಲ್ಲಿದೆ.

ಮೊದಲು ಈ ಹುಡುಗಿ ದಿನಾ ಹೋಗುವ ದಾರಿ ನೋಡಿ. ಮನೆ ಆರ್.ಟಿ. ನಗರದಲ್ಲಿ, ಕಾಲೇಜು ಯಲಹಂಕದ ಕಡೆ. ಬಸ್ಸು ಬಳ್ಳಾರಿ ರಸ್ತೆಗೆ ಬಿದ್ದ ಕೂಡಲೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು. ಅದೇ ಹೆಬ್ಬಾಳದಲ್ಲಿ ಪಶು ಲಸಿಕೆ ತಯಾರಿಸುವ ರಾಜ್ಯ ಸರ್ಕಾರದ ಸಂಸ್ಥೆ ಇದೆ, ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋ ಇದೆ. ಫ್ಲೈಓವರ್ ಇಳಿದು ಮುಂದೆ ಹೋದರೆ ಜಿಕೆವಿಕೆ. ನಾವೆಲ್ಲ ಜಿಕೆವಿಕೆ ಅಂದರೆ ಕೃಷಿ ಮೇಳ, ರಾಗಿ ತಳಿ ಅಂದುಕೊಂಡಿದ್ದೇವೆ. ಆದರೆ ಜೀವವಿಜ್ಞಾನದಲ್ಲಿ ಪ್ರಪಂಚವೇ ಹೆಸರು ಬಲ್ಲ ಎನ್‌ಸಿಬಿಎಸ್ ಇರುವುದು ಅದೇ ಕ್ಯಾಂಪಸ್ಸಿನೊಳಗೆ. ಅದರ ಮಗ್ಗುಲಲ್ಲೇ ಇನ್‌ಸ್ಟೆಮ್. ಇನ್ನೂ ಸ್ವಲ್ಪ ಮುಂದೆ ಜಕ್ಕೂರು. ಅಲ್ಲಿ 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ಕೇಂದ್ರ, ನಮ್ಮ ಸಿ.ಎನ್.ಆರ್. ರಾವ್ ಅವರು ಕಟ್ಟಿದ್ದು. ಯಲಹಂಕದ ರಾಮಗೊಂಡನಹಳ್ಳಿಯಲ್ಲಿ ಜಾನುವಾರು ರೋಗಗಳ ಅಧ್ಯಯನ ಮಾಡುವ ನಿವೇದಿ. ಇನ್ನು ಮೇಖ್ರಿ ಸರ್ಕಲ್‌ನಿಂದ ಯಶವಂತಪುರದ ಕಡೆ ತಿರುಗಿದರೆ ಕಂಡಕ್ಟರ್‌ಗಳು ಈಗಲೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕೂಗುವ ಭಾರತೀಯ ವಿಜ್ಞಾನ ಸಂಸ್ಥೆ. ಮೈಸೂರು ಅರಸರು ಕೊಟ್ಟ ಸುಮಾರು 370 ಎಕರೆ. ಅಲ್ಲಿನ ಬಯೋಕೆಮಿಸ್ಟ್ರಿ ವಿಭಾಗಕ್ಕೆ ನೂರು ವರ್ಷ ದಾಟಿದೆ, 1921ರದ್ದು.

ಒಂದೇ ಬಸ್ ಪಾಸಿನಲ್ಲಿ ಇಷ್ಟೆಲ್ಲ! ದೆಹಲಿ, ಪುಣೆ, ಹೈದರಾಬಾದಿನ ಮಕ್ಕಳು ಟ್ರಂಕು ಕಟ್ಟಿಕೊಂಡು ಈ ಲ್ಯಾಬುಗಳಿಗಾಗಿ ಬರುತ್ತಾರೆ, ಹೆಬ್ಬಾಳದಲ್ಲಿ ಪಿಜಿ ಹುಡುಕುತ್ತಾರೆ. ಆರ್.ಟಿ. ನಗರದ ಹುಡುಗಿ ಅದೇ ಗೇಟುಗಳ ಮುಂದೆ ಎರಡು ವರ್ಷ ಬಸ್ಸಿನಲ್ಲಿ ಹೋಗಿ ಬಂದಿದ್ದಾಳೆ. ಒಂದು ದಿನವೂ ಇಳಿದಿಲ್ಲ. 'ಒಳಗೆ ಬಿಡಲ್ಲ ಅಂದ್ಕೊಂಡಿದ್ದೆ ಅಂಕಲ್' ಅಂದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದ ಹಾಗೆ ಓಲೆ ಅಡ ಇಡಲು ಹೊರಟಿದ್ದರು ಇವರು.

ಬಯೋಕೆಮಿಸ್ಟ್ರಿ ಅಂದರೆ ಏನು ಎಂದು ಕೇಳುವ ವೀಕ್ಷಕರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ರಕ್ತ ಪರೀಕ್ಷೆಯ ರಿಪೋರ್ಟು ಇದ್ದರೆ ತೆಗೆದು ನೋಡಿ. ಶುಗರ್, ಕ್ರಿಯಾಟಿನಿನ್, ಎಸ್‌ಜಿಪಿಟಿ ಇರುವ ಪುಟದ ನೆತ್ತಿಯ ಮೇಲೆ ಬಯೋಕೆಮಿಸ್ಟ್ರಿ ಎಂದೇ ಬರೆದಿರುತ್ತದೆ. ಎಸ್‌ಜಿಪಿಟಿ ಎನ್ನುವುದು ಲಿವರ್ ಕೋಶಗಳ ಒಳಗೆ ಕೆಲಸ ಮಾಡುವ ಒಂದು ಕಿಣ್ವ, ಅಂದರೆ ಎಂಜೈಮ್. ಲಿವರ್‌ಗೆ ಪೆಟ್ಟಾದರೆ ಅದು ರಕ್ತಕ್ಕೆ ಸೋರುತ್ತದೆ. ಸೋರಿದ್ದನ್ನು ಅಳೆದು ಡಾಕ್ಟರು ನಿಮಗೆ 'ಕುಡಿಯೋದು ಬಿಡಿ' ಅನ್ನುತ್ತಾರೆ. ಹೀಗೆ ಜೀವದೊಳಗೆ ನಡೆಯುವ ರಸಾಯನದ ಲೆಕ್ಕವೇ ಈ ವಿಷಯ. ಇದನ್ನು ಪುಸ್ತಕದಲ್ಲಿ ಓದಿ ಪಾಸಾಗಬಹುದು, ಕಲಿಯುವುದು ಕಷ್ಟ. ಎಷ್ಟೋ ಕಾಲೇಜುಗಳಲ್ಲಿ ಒಂದು ಸೆಂಟ್ರಿಫ್ಯೂಜ್ ಇರುತ್ತದೆ, ಅದಕ್ಕೆ ಬಟ್ಟೆ ಹೊದಿಸಿರುತ್ತಾರೆ.

ಈಗ ಬಾಗಿಲುಗಳ ವಿಷಯಕ್ಕೆ ಬರೋಣ. ಮುಂಬಾಗಿಲು ಅಂದರೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇನ್ಸಾ, ಪ್ರಯಾಗರಾಜ್‌ನ ನಾಸಿ. ಇದರಲ್ಲಿ ಬೆಂಗಳೂರಿನದ್ದು ಸರ್ ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ್ದು, ಕಚೇರಿ ಮೇಖ್ರಿ ಸರ್ಕಲ್ ಹತ್ತಿರ ಸದಾಶಿವನಗರದಲ್ಲಿ. ಅಂದರೆ ಇದೂ ನಮ್ಮ ಹುಡುಗಿಯ ಮನೆಗೆ ಕೂಗಳತೆಯಲ್ಲೇ! ಆಯ್ಕೆಯಾದರೆ ದೇಶದ ಯಾವುದಾದರೂ ಲ್ಯಾಬಿನಲ್ಲಿ ಎರಡು ತಿಂಗಳು ಕೆಲಸ. ಅವರೇ ಸ್ಟೈಪೆಂಡ್ ಕೊಡುತ್ತಾರೆ. ಅಂಕಪಟ್ಟಿ, ಅಧ್ಯಾಪಕರ ಒಂದು ಶಿಫಾರಸು, ನೀವು ಏನು ಮಾಡಬೇಕೆಂದಿದ್ದೀರಿ ಎಂದು ನೀವೇ ಬರೆದ ಒಂದು ಪುಟ್ಟ ಬರಹ, ಇಷ್ಟು ಬೇಕು.

ಜಕ್ಕೂರಿನ ಕೇಂದ್ರದ್ದೇ ಪ್ರತ್ಯೇಕ ಬೇಸಿಗೆ ಫೆಲೋಶಿಪ್ ಇದೆ. ದ್ವಿತೀಯ ಪಿಯುಸಿಯಲ್ಲಿ ರಾಜ್ಯದ ಮೇಲಿನ ಶೇಕಡಾ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗಾಗಿ ಮಾಡಿದ ಇನ್‌ಸ್ಪೈರ್ ವಿದ್ಯಾರ್ಥಿವೇತನದ ಹೆಸರು ಕೇಳಿರುತ್ತೀರಿ. ವರ್ಷಕ್ಕೆ 80 ಸಾವಿರ ಎಂದು ಎಲ್ಲರಿಗೂ ಗೊತ್ತು. ಅದರಲ್ಲಿ 20 ಸಾವಿರ ಇಟ್ಟಿರುವುದೇ ಬೇಸಿಗೆ ಸಂಶೋಧನೆಗೆ ಎನ್ನುವುದು ಎಷ್ಟು ತಂದೆತಾಯಿಗೆ ಗೊತ್ತು?

ಈ ಬಾಗಿಲುಗಳದ್ದೆಲ್ಲ ಒಂದೇ ಕಷ್ಟ. ಬೇಸಿಗೆಯ ಕೆಲಸಕ್ಕೆ ಚಳಿಗಾಲದಲ್ಲೇ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ದಸರೆ ದೀಪಾವಳಿ ಹೊತ್ತಿಗೆ ಪ್ರಕಟಣೆ ಬರುತ್ತದೆ, ನವೆಂಬರ್ ಆಸುಪಾಸು ಕೊನೆಯ ದಿನ. ನಮ್ಮ ಮಕ್ಕಳಿಗೆ ಬೇಸಿಗೆ ನೆನಪಾಗುವುದು ಏಪ್ರಿಲ್‌ನಲ್ಲಿ ಸೆಕೆ ಶುರುವಾದಾಗ! ಅಷ್ಟೊತ್ತಿಗೆ ಉಳಿದಿರುವುದು ಪಾಂಪ್ಲೆಟ್‌ನವರು ಮಾತ್ರ.

ನಮ್ಮ ಹುಡುಗಿಯ ಪುಣ್ಯ, ಅಪ್ಪ ನನ್ನ ಹತ್ತಿರ ಬಂದಾಗ ಸೆಪ್ಟೆಂಬರ್. ಅಕಾಡೆಮಿಗೆ ಅರ್ಜಿ ಹಾಕಿದಳು. ಫೆಬ್ರವರಿಯಲ್ಲಿ ನೋಡಿದರೆ ಪಟ್ಟಿಯಲ್ಲಿ ಹೆಸರಿಲ್ಲ. ಇಡೀ ದೇಶದ ಮಕ್ಕಳ ಜೊತೆ ಪೈಪೋಟಿ, ಆಗುವುದುಂಟು. ಉಳಿದದ್ದು ಪಕ್ಕದ ಬಾಗಿಲು: ನೇರವಾಗಿ ವಿಜ್ಞಾನಿಗೆ ಪತ್ರ ಬರೆಯುವುದು. ನಾನು ಮಾತನಾಡಿದ ಪ್ರೊಫೆಸರ್‌ಗಳೆಲ್ಲ ಹೇಳಿದ್ದು ಒಂದೇ. ಯಾವ ಪ್ರಕಟಣೆಯೂ ಇಲ್ಲದೆ, ಬರೀ ಒಂದು ಇ-ಮೇಲ್‌ನಿಂದ ಒಳಗೆ ಬರುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ.

ಅವಳು ಬರೆದ ಮೊದಲ ಪತ್ರ ನನಗೆ ತೋರಿಸಿದಳು. ಮಾನ್ಯರೇ, ತಮ್ಮ ಘನತೆವೆತ್ತ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಸದವಕಾಶ ಎಂದೆಲ್ಲ ಇಂಗ್ಲಿಷಿನಲ್ಲಿ ಮೂರು ಪುಟ. ಯಾವುದೋ ಸೀನಿಯರ್ ಕೊಟ್ಟ ಮಾದರಿಯಂತೆ. ಕಳಿಸಿದ್ದು 60 ಜನಕ್ಕೆ, ಒಂದೇ ಮೇಲ್‌ನಲ್ಲಿ, ಅರವತ್ತೂ ವಿಳಾಸ ಎಲ್ಲರಿಗೂ ಕಾಣುವ ಹಾಗೆ! ಮದುವೆ ಕರೆಯೋಲೆಯನ್ನೂ ಹಾಗೆ ಕಳಿಸಿದರೆ ನೆಂಟರು ಬರುವುದಿಲ್ಲ ಕಣಮ್ಮ ಅಂದೆ. ಒಂದು ಉತ್ತರವೂ ಬರಲಿಲ್ಲ.

ಎರಡನೇ ಸಲ ಬೇರೆ ರೀತಿ ಮಾಡಿದೆವು. ಸಂಸ್ಥೆಗಳ ವೆಬ್‌ಸೈಟಿನಲ್ಲಿ ಪ್ರತಿ ವಿಜ್ಞಾನಿಗೂ ಒಂದು ಪುಟ ಇರುತ್ತದೆ. ಯಾರು ಯಾವ ಪ್ರೋಟೀನಿನ ಮೇಲೆ ಕೆಲಸ ಮಾಡುತ್ತಿದ್ದಾರೆ ಎಂದು ಅಲ್ಲೇ ಬರೆದಿರುತ್ತಾರೆ. ಅವಳು ವಾರಕ್ಕೆ ಮೂರು ಲ್ಯಾಬ್ ಆರಿಸಿಕೊಂಡು, ಒಂದೊಂದರದ್ದೂ ಒಂದು ಸಂಶೋಧನಾ ಪ್ರಬಂಧ ಓದಲು ಕೂತಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮೊದಲ ಪ್ರಬಂಧ ಮುಗಿಸಲು ನಾಲ್ಕು ದಿನ ಹಿಡಿಯಿತು. ಪತ್ರ ಹನ್ನೆರಡು ಸಾಲಿಗೆ ಇಳಿಯಿತು. ನಾನು ಯಾರು, ಏನು ಓದುತ್ತಿದ್ದೇನೆ, ನಿಮ್ಮ ಈ ಪ್ರಬಂಧ ಓದಿದೆ, ಇಂತಿಂಥ ತಾರೀಖಿನಿಂದ ಎಂಟು ವಾರ ಬರಬಲ್ಲೆ, ಮನೆ ಹತ್ತಿರವೇ ಇದೆ, ವಸತಿ ಬೇಡ. ಜೊತೆಗೆ ಒಂದು ಪುಟದ ಬಯೋಡೇಟಾ, ಅಂಕಪಟ್ಟಿ.

ಹೀಗೆ 23 ಪತ್ರ. ಹತ್ತು ದಿನ ಬಿಟ್ಟು ಪ್ರತಿಯೊಬ್ಬರಿಗೂ ಎರಡು ಸಾಲಿನ ನೆನಪೋಲೆ. 19 ಕಡೆಯಿಂದ ಉತ್ತರವೇ ಇಲ್ಲ. ಮೂವರು 'ಈ ವರ್ಷ ಜಾಗ ಇಲ್ಲ' ಎಂದು ಸೌಜನ್ಯದಿಂದ ಬರೆದರು. ಮಾರ್ಚ್ ಮುಗಿಯುತ್ತಾ ಬಂತು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಆ ಪಾಂಪ್ಲೆಟ್ ಮತ್ತೆ ಹುಡುಕಲು ಶುರು ಮಾಡಿದ್ದಳಂತೆ. ಅವತ್ತು ನಾನು ಅವಳಿಗೆ ಕಮಲಾ ಸೊಹೊನಿ ಕಥೆ ಹೇಳಿದೆ. ನಿಮಗೂ ಹೇಳಬೇಕು.

1933. ಕಮಲಾ ಭಾಗವತ್ ಎಂಬ ಯುವತಿ ಬಾಂಬೆ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಮುಗಿಸಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಅಪ್ಪ, ಚಿಕ್ಕಪ್ಪ ಇಬ್ಬರೂ ಅಲ್ಲೇ ಓದಿದ ರಸಾಯನಶಾಸ್ತ್ರಜ್ಞರು. ಅಂಕಗಳಿಗೇನೂ ಕೊರತೆ ಇರಲಿಲ್ಲ. ಆದರೂ ಅರ್ಜಿ ತಿರಸ್ಕೃತ. ಕಾರಣ, ಹೆಣ್ಣು. ತಿರಸ್ಕರಿಸಿದವರು ಯಾರು ಗೊತ್ತಾ? ಆಗಿನ ನಿರ್ದೇಶಕರು, ಮೂರು ವರ್ಷದ ಹಿಂದಷ್ಟೇ ನೊಬೆಲ್ ಪಡೆದಿದ್ದ ಸರ್ ಸಿ.ವಿ. ರಾಮನ್. ಯಾರ ಅಕಾಡೆಮಿಯ ಫೆಲೋಶಿಪ್‌ಗೆ ಇವತ್ತು ನಮ್ಮ ಹೆಣ್ಣುಮಕ್ಕಳು ಅರ್ಜಿ ಹಾಕುತ್ತಾರೋ ಅದೇ ರಾಮನ್. ಕಮಲಾ ಸುಮ್ಮನಾಗಲಿಲ್ಲ. ನೇರವಾಗಿ ಬೆಂಗಳೂರಿಗೆ ಬಂದು ನಿರ್ದೇಶಕರ ಎದುರು ನಿಂತರು. ಹೆಣ್ಣೆಂಬ ಕಾರಣಕ್ಕೆ ಇಲ್ಲ ಅನ್ನುವುದನ್ನು ಒಪ್ಪುವುದಿಲ್ಲ ಅಂದರು.

ಕೊನೆಗೆ ಸೇರಿಸಿಕೊಂಡರು, ಆದರೆ ಷರತ್ತು ಹಾಕಿ. ಒಂದು ವರ್ಷ ರೆಗ್ಯುಲರ್ ವಿದ್ಯಾರ್ಥಿನಿ ಅಲ್ಲ, ಪ್ರೊಬೇಷನ್ ಮಾತ್ರ. ಗೈಡ್ ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಲ್ಯಾಬಿನ ವಾತಾವರಣ ಕೆಡಿಸಬಾರದು! ಆ ಮೂರನೇ ಷರತ್ತಿನ ನೋವು ಅವರಿಗೆ ಮುದಿವಯಸ್ಸಿನವರೆಗೂ ಹೋಗಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದಾರೆ. ಅಲ್ಲಿ ಬಯೋಕೆಮಿಸ್ಟ್ರಿಯಲ್ಲಿ ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. ಪ್ರೊಬೇಷನ್ ಮುಗಿಯುವ ಹೊತ್ತಿಗೆ ರಾಮನ್ನರಿಗೂ ಅವರ ಕೆಲಸ ಮೆಚ್ಚಿಗೆಯಾಗಿತ್ತು. ಆಮೇಲೆ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. 1936ರಲ್ಲಿ ಎಂಎಸ್ಸಿ ಪದವಿ, ಮುಂದೆ ಕೇಂಬ್ರಿಜ್. ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಗಿಡಗಳ ಕೋಶದಲ್ಲೂ ಇದೆ ಎಂದು ತೋರಿಸಿ 1939ರಲ್ಲಿ ಪಿಎಚ್‌ಡಿ.

ರಾಮನ್ನರನ್ನು ಬೈಯಲು ಇದನ್ನು ಹೇಳಲಿಲ್ಲ, ಅವರ ದೊಡ್ಡಸ್ತಿಕೆ ಅವರದ್ದೇ. 23 ಪತ್ರಕ್ಕೆ ಉತ್ತರ ಬರಲಿಲ್ಲ ಎಂದು ಕೂತ ಹುಡುಗಿಗೆ ಹೇಳಿದೆ, ಅಷ್ಟೇ. 'ಅವರ ಗೇಟು ಮುಚ್ಚಿತ್ತು. ನಿನ್ನದು ಬರೀ ಇನ್‌ಬಾಕ್ಸ್ ತುಂಬಿದೆ' ಅಂದೆ. ನಕ್ಕಳು.

ಏಪ್ರಿಲ್ ಮೊದಲ ವಾರ ಇಪ್ಪತ್ತಮೂರನೆಯವರ ಉತ್ತರ ಬಂತು. ಬಳ್ಳಾರಿ ರಸ್ತೆಯದ್ದೇ ಒಂದು ಲ್ಯಾಬು. 'ಬಂದು ಮಾತನಾಡಿ' ಅಂತ ಒಂದೇ ಸಾಲು. ಆಮೇಲೆ ಆ ವಿಜ್ಞಾನಿ ಹೇಳಿದರಂತೆ, ಪತ್ರದಲ್ಲಿ ಅವರಿಗೆ ಹಿಡಿಸಿದ್ದು ಒಂದು ವಾಕ್ಯ. ನಿಮ್ಮ ಪ್ರಬಂಧದ ಎರಡನೇ ಚಿತ್ರ ಅರ್ಥವಾಯಿತು, ನಾಲ್ಕನೆಯದು ಅರ್ಥವಾಗಲಿಲ್ಲ ಎಂದು ಬರೆದಿದ್ದಳು. ಇಂಗ್ಲಿಷಿನಲ್ಲಿ ಎರಡು ತಪ್ಪಿತ್ತು. ಅದನ್ನು ಅವರು ಎತ್ತಿ ಆಡಲೇ ಇಲ್ಲ.

ಕಾಲೇಜಿನಿಂದ ಎನ್‌ಒಸಿ ಬೇಕು. ಇದಕ್ಕೇ ಎಂಟು ದಿನ ಓಡಾಡಿಸಿದರು. ಪ್ರಿನ್ಸಿಪಾಲರು ಮೀಟಿಂಗು, ಗುಮಾಸ್ತರು ರಜೆ, ಸೀಲು ಬೀರುವಿನಲ್ಲಿ. ಇದರ ಜೊತೆಗೆ ಪರೀಕ್ಷೆಯ ತಲೆನೋವು. ಲ್ಯಾಬುಗಳ ಬೇಸಿಗೆ ಮೇ ತಿಂಗಳಿನಿಂದ ಶುರು. ಆದರೆ ನಮ್ಮ ಸೆಮಿಸ್ಟರ್ ಪರೀಕ್ಷೆ ಜೂನ್, ಜುಲೈ ತನಕ ಎಳೆದದ್ದು ಎಷ್ಟು ಸಲ ಇಲ್ಲ? 2021ರಲ್ಲಿ ದೇಶಕ್ಕೇ ಮೊದಲು ನಾವೇ ಹೊಸ ಶಿಕ್ಷಣ ನೀತಿ ತಂದೆವು, 2024ರಲ್ಲಿ ಹಳೆಯ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂದೆವು. ಆ ಗದ್ದಲದಲ್ಲಿ ಇಂಟರ್ನ್‌ಶಿಪ್ ಎಂಬ ಪದ ಮಾತ್ರ ಎಲ್ಲರ ಬಾಯಿಗೂ ಬಂತು. ಮಗು ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು ಎಂದು ಕ್ಯಾಲೆಂಡರ್ ಇಟ್ಟುಕೊಂಡು ಯೋಚಿಸಿದವರು ಯಾರು? ಪಾಂಪ್ಲೆಟ್ ಅಂಗಡಿಗಳು ಬೆಳೆದದ್ದು ಈ ಸಂದಿಯಲ್ಲೇ. ನಮ್ಮ ಹುಡುಗಿ ಮೂರು ವಾರ ಲ್ಯಾಬು, ನಡುವೆ ಪರೀಕ್ಷೆ, ಮತ್ತೆ ಐದು ವಾರ ಲ್ಯಾಬು ಎಂದು ಗೈಡ್ ಹತ್ತಿರ ಮೊದಲೇ ಮಾತಾಡಿಕೊಂಡಳು. ಮೊದಲೇ ಹೇಳಿದ್ದರಿಂದ ಅವರು ಒಪ್ಪಿದರು.

ಇನ್ನು ಒಳಗೆ ಏನು ನಡೆಯುತ್ತದೆ? ಮೊದಲ ವಾರ ಯಾವ ಸಂಶೋಧನೆಯೂ ಇಲ್ಲ. ನೀರು ಅಳೆಯುವುದು! ಪಿಪೆಟ್ ಎಂಬ ಪೆನ್ನಿನಂಥ ಸಾಧನದಿಂದ ಒಂದು ಹನಿಯ ಐವತ್ತರಲ್ಲಿ ಒಂದು ಪಾಲನ್ನು ಸರಿಯಾಗಿ ಎತ್ತಿ ಇಡಬೇಕು. ನೀರೆತ್ತಿ ತಕ್ಕಡಿಯಲ್ಲಿ ತೂಗಿ ಕೈ ಪಳಗಿಸಬೇಕು. ಆಮೇಲೆ ಬಫರ್ ತಯಾರಿ. ಪ್ರೋಟೀನಿಗೆ ಹುಳಿ ಹೆಚ್ಚಾದರೆ ಹಾಲಿನ ಹಾಗೆ ಒಡೆಯಬಹುದು, ಅದಕ್ಕೇ ಪಿಎಚ್ ಹದ ಕಾಯುವ ದ್ರಾವಣ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ ಜೊತೆಗಿದ್ದು ಕಲಿಸಿದಳು. ಇದು ಗೊತ್ತಿರಲಿ, ದೊಡ್ಡ ಪ್ರೊಫೆಸರ್ ವಾರಕ್ಕೊಮ್ಮೆ ಸಿಕ್ಕರೆ ಹೆಚ್ಚು. ನಿಜವಾದ ಗುರು ಈ ಅಕ್ಕ ಅಣ್ಣಂದಿರು. ಅವರ ಸಮಯ ತಿನ್ನುತ್ತಿದ್ದೀರಿ ಎಂಬ ಅರಿವಿರಬೇಕು. ಒಂದೇ ಪ್ರಶ್ನೆ ಮೂರು ಸಲ ಕೇಳುವ ಬದಲು ಮೊದಲ ಸಲವೇ ಬರೆದುಕೊಳ್ಳಬೇಕು.

ಅವಳಿಗೆ ಕೊಟ್ಟ ಕೆಲಸ ಹೀಗೆ. ಒಂದು ಕಿಣ್ವದ ಜೀನನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಮೊದಲೇ ಸೇರಿಸಿಟ್ಟಿದ್ದರು. ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದರಿಂದ ಆ ಕಿಣ್ವ ಮಾಡಿಸಿ, ಶುದ್ಧವಾಗಿ ಬೇರ್ಪಡಿಸಬೇಕು. ರಾತ್ರಿ ಹೆಪ್ಪು ಹಾಕಿದ ಹಾಗೆ ಒಂದು ಚಿಟಿಕೆ ಬ್ಯಾಕ್ಟೀರಿಯಾ ಪೋಷಕ ದ್ರಾವಣಕ್ಕೆ ಹಾಕಿ, 37 ಡಿಗ್ರಿಯಲ್ಲಿ ಕುಲುಕುತ್ತಾ ಇಡುವುದು. ಹದವಾಗಿ ಕದಡಿದಾಗ ಐಪಿಟಿಜಿ ಎಂಬ ರಾಸಾಯನಿಕ ಸೇರಿಸುವುದು. ಅದು ಜೀನಿಗೆ 'ಶುರು ಮಾಡು' ಎಂದು ಹೇಳುವ ಸ್ವಿಚ್ಚು. ನಾಲ್ಕು ಗಂಟೆಯ ನಂತರ ಬ್ಯಾಕ್ಟೀರಿಯಾವನ್ನು ಒಡೆದು, ಸೆಂಟ್ರಿಫ್ಯೂಜಿನಲ್ಲಿ ಜೋರಾಗಿ ತಿರುಗಿಸಿದರೆ ತಳದಲ್ಲಿ ಗಸಿ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ತಿಳಿಯನ್ನು ನಿಕಲ್ ಇರುವ ಒಂದು ಕೊಳವೆಯಲ್ಲಿ ಇಳಿಸಿದರೆ ನಮ್ಮ ಪ್ರೋಟೀನು ಮಾತ್ರ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸಿ, ಜೆಲ್ ಎಂಬ ತೆಳುವಾದ ಹಾಳೆಯ ಮೇಲೆ ಓಡಿಸಿ, ನೀಲಿ ಬಣ್ಣ ಹಾಕಿದರೆ ಒಂದು ಪಟ್ಟಿ ಕಾಣಬೇಕು. ಆ ನೀಲಿ ಬಣ್ಣ ಮೂಲತಃ ಉಣ್ಣೆ ಬಟ್ಟೆಗೆ ಹಾಕಲು ಮಾಡಿದ್ದಂತೆ!

ಪಟ್ಟಿ ಕಾಣಲಿಲ್ಲ. ಮತ್ತೆ ಮಾಡಿದಳು. ಇಲ್ಲ. ಬಫರ್ ಹೊಸದಾಗಿ ಮಾಡಿ ಮತ್ತೊಮ್ಮೆ. ಖಾಲಿ ಜೆಲ್. ನಾಲ್ಕು ವಾರ ಕಳೆಯಿತು. ಮನೆಗೆ ಬಂದು ಊಟ ಬಿಟ್ಟಳಂತೆ. ಅಪ್ಪ ಸ್ಟುಡಿಯೋದಲ್ಲಿ ನನ್ನನ್ನು ಹಿಡಿದು 'ಸಾರ್, ಆ 18 ಸಾವಿರದ್ದೇ ವಾಸಿ ಇತ್ತೇನೋ, ಅಲ್ಲಿ ಎಲ್ಲಾ ಸರಿಯಾಗಿ ಬರುತ್ತಂತೆ' ಅಂದರು. ಬರುತ್ತೆ ಸ್ವಾಮಿ. ಯಾಕೆ ಬರುತ್ತೆ ಅಂದರೆ ನೂರು ಸಲ ಮಾಡಿ ಉತ್ತರ ಗೊತ್ತಿರುವುದನ್ನೇ ಅಲ್ಲಿ ನೂರಾ ಒಂದನೇ ಸಲ ಮಾಡಿಸುತ್ತಾರೆ.

ಆ ಶುಕ್ರವಾರ ಲ್ಯಾಬ್ ಮೀಟಿಂಗ್. ಅವಳು ಮೂರು ಖಾಲಿ ಜೆಲ್‌ಗಳ ಫೋಟೋ ತೋರಿಸಿ ತಲೆ ತಗ್ಗಿಸಿ ನಿಂತಳು. ಗೈಡ್ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. 'ಗಸಿಯನ್ನು ಜೆಲ್‌ಗೆ ಹಾಕಿ ನೋಡಿದ್ಯಾ?'

ಹಾಕಿರಲಿಲ್ಲ. ಮೂರು ಸಲವೂ ಗಸಿಯನ್ನು ಬಿಸಾಡಿದ್ದಳು. ಬೇಕಾದ್ದು ತಿಳಿಯಲ್ಲೇ ಇರುತ್ತದೆ ಎಂಬ ನಂಬಿಕೆ. ನಾಲ್ಕನೇ ಸಲ ಎರಡನ್ನೂ ಅಕ್ಕಪಕ್ಕ ಓಡಿಸಿದಳು. ತಿಳಿಯ ಸಾಲು ಖಾಲಿ, ಗಸಿಯ ಸಾಲಿನಲ್ಲಿ ಹೆಬ್ಬೆರಳು ಒತ್ತಿದ ಹಾಗೆ ದಪ್ಪ ನೀಲಿ ಪಟ್ಟಿ! ಪ್ರೋಟೀನು ಮೊದಲ ದಿನದಿಂದಲೂ ಆಗುತ್ತಿತ್ತು. 37 ಡಿಗ್ರಿಯ ಬಿಸಿಯಲ್ಲಿ ಬ್ಯಾಕ್ಟೀರಿಯಾ ಅವಸರ ಅವಸರವಾಗಿ ತಯಾರಿಸಿ, ಸರಿಯಾಗಿ ಮಡಚಲಾಗದೆ, ಗಂಟುಗಂಟಾಗಿ ಕೆಳಗೆ ಕೂತಿತ್ತು. ಕುದಿಯುವ ನೀರಿಗೆ ಹಿಟ್ಟನ್ನು ಒಟ್ಟಿಗೆ ಸುರಿದರೆ ಮುದ್ದೆ ಗಂಟಾಗುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ. ಆಮೇಲೆ ಉಷ್ಣತೆಯನ್ನು 18 ಡಿಗ್ರಿಗೆ ಇಳಿಸಿದರು, ಐಪಿಟಿಜಿ ಕಡಿಮೆ ಮಾಡಿದರು, ನಾಲ್ಕು ಗಂಟೆಯ ಬದಲು ರಾತ್ರಿಯಿಡೀ ನಿಧಾನವಾಗಿ ಬೆಳೆಯಲು ಬಿಟ್ಟರು. ಈ ಸಲ ತಿಳಿಯಲ್ಲೂ ಒಂದು ಪಟ್ಟಿ. ತೆಳ್ಳಗಿತ್ತು, ಆದರೂ ಇತ್ತು.

ಅವತ್ತು ಜೆಲ್ ಬಣ್ಣ ತೊಳೆದು ಮುಗಿಸುವ ಹೊತ್ತಿಗೆ ರಾತ್ರಿ ಹತ್ತೂವರೆ. ಅಪ್ಪ ಡ್ಯೂಟಿ ಮುಗಿಸಿ ಸ್ಕೂಟರ್ ಹಾಕಿಕೊಂಡು ಗೇಟಿನ ಹೊರಗೆ ಕಾಯುತ್ತಿದ್ದರು. ಮಗಳು ಓಡಿಬಂದು ಮೊಬೈಲ್‌ನಲ್ಲಿ ಆ ನೀಲಿ ಗೆರೆ ತೋರಿಸಿದಳು. ಅವರಿಗೆ ಏನೂ ಅರ್ಥವಾಗಲಿಲ್ಲ. 'ಫೋಟೋ ಸ್ವಲ್ಪ ಶೇಕ್ ಆಗಿದೆ ಕಣಮ್ಮ' ಅಂದರಂತೆ. ಕ್ಯಾಮೆರಾಮನ್ ತಾನೇ!

ಕಿಣ್ವದ ವೇಗ ಅಳೆಯುವುದು ಕೊನೆಯ ಘಟ್ಟ. ಅದಕ್ಕೆ ಸಮಯ ಸಾಲಲಿಲ್ಲ. ರಿಪೋರ್ಟಿನಲ್ಲಿ ಅದನ್ನು ಹಾಗೆಯೇ ಬರೆದಳು. ಇಷ್ಟು ಆಯಿತು, ಇಷ್ಟು ಆಗಲಿಲ್ಲ, ಮೂರು ಸಲ ಗಸಿ ಬಿಸಾಡಿದ್ದು ನನ್ನ ತಪ್ಪು. 18 ಪುಟ, ಎಲ್ಲ ಅವಳದೇ ಕೈಬರಹದ ಲ್ಯಾಬ್ ನೋಟ್‌ಬುಕ್ಕಿನಿಂದ. ಆ ನೋಟ್‌ಬುಕ್ ನಾನು ನೋಡಿದೆ. ಪೆನ್ಸಿಲ್ ಇಲ್ಲ, ಹರಿದ ಹಾಳೆ ಇಲ್ಲ, ತಪ್ಪಾದ ಕಡೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ತಾರೀಖು. ಲ್ಯಾಬಿನ ನಿಯಮ ಅದು. ಬಿಟ್ಟು ಬರುವಾಗ ನೋಟ್‌ಬುಕ್ ಅಲ್ಲೇ ಕೊಟ್ಟು ಬರಬೇಕು. ಫ್ರೀಜರಿನಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎಂಬ ಪಟ್ಟಿಯನ್ನೂ ಕೊಡಬೇಕು. ಏಕೆಂದರೆ ಮುಂದಿನವರು ಅಲ್ಲಿಂದ ಶುರು ಮಾಡುತ್ತಾರೆ.

ಖರ್ಚು ಎಷ್ಟಾಯಿತು ಎಂದು ಕೇಳುತ್ತೀರಿ. ನೇರವಾಗಿ ಹೋದವರಿಗೆ ಎಷ್ಟೋ ಕಡೆ ಸ್ಟೈಪೆಂಡ್ ಇರುವುದಿಲ್ಲ, ಅವಳಿಗೂ ಇರಲಿಲ್ಲ. ಬಸ್ ಪಾಸು, ಮಧ್ಯಾಹ್ನ ಕ್ಯಾಂಟೀನಿನ ಊಟ, ಅಷ್ಟೇ. ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ದುಡ್ಡು ಕೇಳುವವರೆಲ್ಲ ಮೋಸಗಾರರಲ್ಲ. ಕೆಲವು ಸರ್ಕಾರಿ ಸಂಸ್ಥೆಗಳಲ್ಲೂ ಪ್ರಾಜೆಕ್ಟ್ ವಿದ್ಯಾರ್ಥಿಗಳಿಗೆ ತರಬೇತಿ ಶುಲ್ಕ ಇದೆ. ಅವರು ನಿಯಮ ತೋರಿಸುತ್ತಾರೆ, ರಸೀದಿ ಕೊಡುತ್ತಾರೆ. ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ನನ್ನ ಗೈಡ್ ಯಾರು? ಅವರು ಪ್ರಕಟಿಸಿದ ಕೆಲಸ ಎಲ್ಲಿದೆ? ನನ್ನ ಪ್ರಯೋಗದ ಫಲಿತಾಂಶ ನಿಮಗೆ ಮೊದಲೇ ಗೊತ್ತಾ? ಮೂರನೆಯದಕ್ಕೆ 'ಗೊತ್ತು' ಎಂಬ ಉತ್ತರ ಬಂದರೆ ಎದ್ದು ಬನ್ನಿ.

ಅಂಥ ಲ್ಯಾಬಿಗೆ ಹೋಗುವ ಧೈರ್ಯವೇ ಇಲ್ಲದವರಿಗೆ ಸುಲಭದ ದಾರಿ ಇದೆ. ಟಾಟಾ ಇನ್‌ಸ್ಟಿಟ್ಯೂಟ್ ವರ್ಷಕ್ಕೊಮ್ಮೆ ಓಪನ್ ಡೇ ಮಾಡುತ್ತದೆ. ಅವತ್ತು ಗೇಟು ಎಲ್ಲರಿಗೂ ತೆರೆದಿರುತ್ತದೆ, ಟಿಕೆಟ್ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ. ಲ್ಯಾಬಿನ ಹುಡುಗರು ನಿಂತು ವಿವರಿಸುತ್ತಾರೆ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಹೇಳುವವರೂ ಸಿಗುತ್ತಾರೆ. ನಾನೂ ಆ ವರ್ಷ ಮೊದಲ ಸಲ ಹೋದೆ. ಇಷ್ಟು ವರ್ಷ ಈ ಊರಿನಲ್ಲಿ ಸುದ್ದಿ ಓದಿ, ಆ ಗೇಟಿನೊಳಗೆ ಹೋಗಿದ್ದು ಯಾವುದೋ ಮಂತ್ರಿಯ ಕಾರ್ಯಕ್ರಮ ಕವರ್ ಮಾಡಲು ಮಾತ್ರ.

ಹುಡುಗಿ ಈಗ ಮೂರನೇ ವರ್ಷ. ಎಂಎಸ್ಸಿಗೆ ಜಾಮ್ ಪರೀಕ್ಷೆಗೆ ಓದುತ್ತಿದ್ದಾಳೆ, ಗೈಡ್ ಶಿಫಾರಸು ಪತ್ರ ಕೊಡುವುದಾಗಿ ಹೇಳಿದ್ದಾರೆ. ಕಳೆದ ತಿಂಗಳು ಅಕಾಡೆಮಿಯ ಪ್ರಕಟಣೆ ಬಂದ ದಿನವೇ ಪ್ರಿಂಟ್ ತೆಗೆದು ತನ್ನ ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಿದ್ದಳಂತೆ. ಮಾರನೇ ದಿನ ಅದರ ಮೇಲೆ ಯಾರೋ ಫೀಸಿನ ನೋಟಿಸ್ ಹೊಡೆದಿದ್ದರು. ಅದನ್ನು ಪಕ್ಕಕ್ಕೆ ಸರಿಸಿ, ಇನ್ನೊಂದು ಪ್ರಿಂಟ್ ತೆಗೆದು, ಕೊನೆಯ ದಿನಾಂಕದ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದು ಮತ್ತೆ ಅಂಟಿಸಿ ಬಂದಿದ್ದಾಳೆ.